ಎಂಟು ವರ್ಷ ಮಾತಾಡದ ಹುಡುಗನ ದನಿ

(ಹವ್ಯಾಸಿ ನಟರ ರಂಗ ಶಿಬಿರವೊಂದರಲ್ಲಿ ಆಡಿದ ಮಾತುಗಳನ್ನು ಸ್ವಲ್ಪ ತಿದ್ದಿ ಬರೆದದ್ದು.)

ಎಲ್ಲರಿಗೂ ನಮಸ್ಕಾರ.

ಶಿಬಿರ ಶುರುವಾದ ದಿನ ನಿಮಗೆಲ್ಲ ಒಂದೊಂದು ಚೀಟಿ ಕೊಟ್ಟಿದ್ದೆವು. ರಂಗದ ಮೇಲೆ ನಿಮಗೆ ಯಾವುದರ ಭಯ ಅಂತ ಬರೆಯಿರಿ ಎಂದಿದ್ದೆವು. ಅರ್ಧಕ್ಕಿಂತ ಜಾಸ್ತಿ ಚೀಟಿಗಳಲ್ಲಿ ದನಿಯ ಮಾತೇ ಇತ್ತು. ಒಬ್ಬರಿಗೆ ತಮ್ಮ ದನಿ ಕೀರಲು ಅನಿಸುತ್ತದೆ. ಇನ್ನೊಬ್ಬರ ದನಿ ಮೂರನೇ ಸಾಲಿಗೂ ಮುಟ್ಟುವುದಿಲ್ಲವಂತೆ. ಒಂದು ಚೀಟಿಯಲ್ಲಿ ಮಾತ್ರ, ಹೆಸರಿಲ್ಲದೆ, ಮೂರೇ ಪದ ಇತ್ತು. 'ನನಗೆ ಉಗ್ಗು ಇದೆ.' ಆ ಚೀಟಿ ಈಗಲೂ ನನ್ನ ಜೇಬಿನಲ್ಲಿದೆ. ಬರೆದವರು ಯಾರು ಅಂತ ನಾನು ಕೇಳುವುದಿಲ್ಲ. ಇವತ್ತಿನ ಮಾತು ಮುಖ್ಯವಾಗಿ ಅವರಿಗೆ.

ನಾನು ಹೇಳಹೊರಟಿರುವುದು ಜೇಮ್ಸ್ ಅರ್ಲ್ ಜೋನ್ಸ್ ಎಂಬ ಅಮೆರಿಕದ ನಟನ ಬಗ್ಗೆ. ಹೆಸರು ಕೇಳದವರೂ ಅವರ ದನಿ ಕೇಳಿರುತ್ತೀರಿ. 'ದಿ ಲಯನ್ ಕಿಂಗ್' ಚಿತ್ರವನ್ನು ಇಂಗ್ಲಿಷಿನಲ್ಲಿ ನೋಡಿದ್ದರೆ, ಸಿಂಬಾನ ಅಪ್ಪ ಮುಫಾಸ ಮಾತಾಡುವುದು ಇವರ ದನಿಯಲ್ಲಿ. 'ಸ್ಟಾರ್ ವಾರ್ಸ್' ನೋಡಿದ್ದರೆ, ಕಪ್ಪು ಮುಖವಾಡದ ಡಾರ್ತ್ ವೇಡರ್ ಮಾತಾಡುವುದೂ ಇವರ ದನಿಯಲ್ಲೇ. ಸಿಎನ್‌ಎನ್ ಚಾನೆಲ್ಲಿನಲ್ಲಿ 'ಇದು ಸಿಎನ್‌ಎನ್' ಅಂತ ಒಂದು ಗಂಭೀರವಾದ ದನಿ ಬರುತ್ತಿತ್ತಲ್ಲ, ಅದೂ ಇವರೇ. 2024ರ ಸೆಪ್ಟೆಂಬರ್ 9ರಂದು, 93ನೇ ವಯಸ್ಸಿನಲ್ಲಿ ತೀರಿಕೊಂಡರು. ಅವತ್ತು ಎಲ್ಲ ಕಡೆ ಸುದ್ದಿಯಾದದ್ದು ಅವರ ದನಿ. ನನಗೆ ಅದರಲ್ಲಿ ಒಂದು ಕೊರತೆ ಕಂಡಿತು. ಅವರು ಮೊದಲಿಗೂ ಕೊನೆಗೂ ನಾಟಕದವರು. ಆ ದನಿಯನ್ನು ದೇವರು ಕೊಟ್ಟ ಕಂಠ ಅಂತ ಹೇಳಿ ಮುಗಿಸಿದರೆ ಅವರು ಪಟ್ಟ ಪಾಡೆಲ್ಲ ಮರೆತುಹೋಗುತ್ತದೆ.

ಅವರು ಹುಟ್ಟಿದ್ದು 1931ರ ಜನವರಿ 17ರಂದು, ಮಿಸಿಸಿಪ್ಪಿ ರಾಜ್ಯದ ಅರ್ಕಬಟ್ಲ ಎಂಬ ಸಣ್ಣ ಊರಿನಲ್ಲಿ. ಅಪ್ಪ ರಾಬರ್ಟ್ ಅರ್ಲ್ ಜೋನ್ಸ್ ಮಗ ಹುಟ್ಟುವ ಹೊತ್ತಿಗೇ ಮನೆ ಬಿಟ್ಟಿದ್ದರು. ಅಮ್ಮ ಕೆಲಸಕ್ಕಾಗಿ ಬೇರೆ ಬೇರೆ ಊರುಗಳಲ್ಲಿ ಇರಬೇಕಾಯಿತು. ಮಗುವನ್ನು ಸಾಕಿದ್ದು ಅಮ್ಮನ ಅಪ್ಪ ಅಮ್ಮ. ಅವರು ಹೊಲ ಮಾಡಿಕೊಂಡಿದ್ದವರು. ದಕ್ಷಿಣದಲ್ಲಿ ಕರಿಯರ ಬದುಕು ಕಷ್ಟವಾಗಿದ್ದ ಕಾಲ ಅದು. ಹುಡುಗನಿಗೆ ಐದು ವರ್ಷ ಆದಾಗ ಇಡೀ ಮನೆ ಉತ್ತರಕ್ಕೆ, ಮಿಷಿಗನ್ ರಾಜ್ಯದ ಡಬ್ಲಿನ್ ಎಂಬ ಹಳ್ಳಿಯ ಹತ್ತಿರದ ಒಂದು ಜಮೀನಿಗೆ ಹೊರಟಿತು.

ಈ ಗುಳೆ ಹುಡುಗನ ಒಳಗೆ ಏನನ್ನೋ ಮುರಿಯಿತು. ಹೊಸ ಊರು, ಹೊಸ ಚಳಿ, ಗೊತ್ತಿಲ್ಲದ ಮುಖಗಳು. ಉಗ್ಗು ಶುರುವಾಯಿತು. ಶಾಲೆಯಲ್ಲಿ ಬಾಯಿ ತೆರೆದರೆ ಮಕ್ಕಳು ನಗುತ್ತಿದ್ದರು. ಅವನು ಬಾಯಿ ತೆರೆಯುವುದನ್ನೇ ಬಿಟ್ಟ. ಒಂದು ವಾರವಲ್ಲ, ಒಂದು ತಿಂಗಳಲ್ಲ. ಸುಮಾರು ಎಂಟು ವರ್ಷ. ಮನೆಯವರ ಜೊತೆ ಅಗತ್ಯಕ್ಕೆ ತಕ್ಕಷ್ಟು ಮಾತು. ಕೊಟ್ಟಿಗೆಯ ದನಕರುಗಳ ಜೊತೆ ಮನಸ್ಸು ಬಿಚ್ಚಿ ಮಾತು. ಪ್ರಾಣಿಗಳ ಮುಂದೆ ಉಗ್ಗು ಬರುತ್ತಿರಲಿಲ್ಲ. ಅವು ನಗುವುದಿಲ್ಲ ಅಲ್ವಾ? ಶಾಲೆಯಲ್ಲಿ ಮೇಷ್ಟ್ರು ಏನಾದರೂ ಕೇಳಿದರೆ ಉತ್ತರ ಬರೆದು ಕೊಡುತ್ತಿದ್ದ. ಮೂಕ ಅಂತಲೇ ಎಲ್ಲರೂ ಅವನನ್ನು ಒಪ್ಪಿಕೊಂಡುಬಿಟ್ಟಿದ್ದರು.

ಆ ಎಂಟು ವರ್ಷ ಅವನು ಏನು ಮಾಡಿದ? ಕೇಳಿದ. ದೊಡ್ಡವರು ಮಾತಾಡುವುದನ್ನು, ರೇಡಿಯೋವನ್ನು ಕೇಳಿದ. ಗುಟ್ಟಾಗಿ ಪದ್ಯ ಬರೆದ. ಮಾತು ಕೈಗೆ ಸಿಗದಿದ್ದವನಿಗೆ ಮಾತಿನ ಬೆಲೆ ಬೇರೆಯವರಿಗಿಂತ ಚೆನ್ನಾಗಿ ಗೊತ್ತಾಗುತ್ತದೆ ಅಂತ ನನ್ನ ನಂಬಿಕೆ. ದುಡ್ಡಿಲ್ಲದವರು ಸಂತೆಯಲ್ಲಿ ಎಲ್ಲ ಅಂಗಡಿಯನ್ನೂ ನಿಧಾನವಾಗಿ ನೋಡುತ್ತಾರಲ್ಲ, ಹಾಗೆ.

ಆಮೇಲೆ ಹೈಸ್ಕೂಲು. ಅಲ್ಲಿ ಡೊನಾಲ್ಡ್ ಕ್ರೌಚ್ ಎಂಬ ಮೇಷ್ಟ್ರು ಇದ್ದರು. ಮೊದಲು ಕಾಲೇಜಿನಲ್ಲಿ ಪಾಠ ಮಾಡಿದ್ದವರು, ಕವಿತೆ ಅಂದರೆ ಪ್ರಾಣ. ಎರಡನೇ ಮಹಾಯುದ್ಧದ ಕಾಲ. ಸರ್ಕಾರ ಹಂಚಿದ ಹಣ್ಣು, ಗ್ರೇಪ್‌ಫ್ರೂಟ್, ಫ್ಲಾರಿಡಾದಿಂದ ಆ ಚಳಿ ಸೀಮೆಗೆ ಬಂದಿತ್ತು. ನಮ್ಮ ದೇವನಹಳ್ಳಿ ಚಕ್ಕೋತದ ಹತ್ತಿರದ ನೆಂಟ ಅಂತ ಇಟ್ಟುಕೊಳ್ಳಿ. ಚಳಿಗಾಲದ ನಡುವೆ ಆ ಹಣ್ಣು ತಿಂದ ಖುಷಿಗೆ ಹುಡುಗ ಒಂದು ಪದ್ಯ ಬರೆದ. ಕವಿ ಲಾಂಗ್‌ಫೆಲೊ ಅವರ 'ಹಯವಾಥ'ದ ಧಾಟಿಯಲ್ಲಿ. ಅದು ಮೇಷ್ಟ್ರ ಕೈಗೆ ಸಿಕ್ಕಿತು.

ಮೇಷ್ಟ್ರು ಮಾಡಿದ್ದನ್ನು ಗಮನವಿಟ್ಟು ಕೇಳಿ. ಅವರು ಹುಡುಗನನ್ನು ಪಕ್ಕಕ್ಕೆ ಕರೆದು ಸಮಾಧಾನ ಹೇಳಲಿಲ್ಲ. ನೀನು ಮಾತಾಡಬೇಕು ಕಣೋ ಅಂತ ಉಪದೇಶವನ್ನೂ ಮಾಡಲಿಲ್ಲ. ಈ ಪದ್ಯ ಬಹಳ ಚೆನ್ನಾಗಿದೆ, ಇದನ್ನು ನೀನೇ ಬರೆದದ್ದು ಅಂತ ನಾನು ಹೇಗೆ ನಂಬಲಿ ಅಂದರು. ನೀನೇ ಬರೆದಿದ್ದರೆ ಎಲ್ಲರ ಮುಂದೆ ಎದ್ದು ನಿಂತು, ಕಾಗದ ನೋಡದೆ ಹೇಳು ಅಂದರು. ಹುಡುಗನಿಗೆ ಸಿಟ್ಟು ಬಂದಿರಬೇಕು. ಕದ್ದವನು ಅನ್ನಿಸಿಕೊಳ್ಳುವುದಕ್ಕಿಂತ ನಗೆಪಾಟಲಾಗುವುದೇ ಮೇಲು ಅನ್ನಿಸಿರಬೇಕು. ಎದ್ದು ನಿಂತ. ಹೇಳಿದ. ಒಂದು ಕಡೆಯೂ ಉಗ್ಗದೆ ಪೂರ್ತಿ ಹೇಳಿದ. ಲಯ ಅವನ ಕೈ ಹಿಡಿದುಕೊಂಡು ಹೋಗಿತ್ತು. ಜೊತೆಗೆ, ಆ ಪದಗಳೆಲ್ಲ ಅವನವೇ ಆಗಿದ್ದವು.

ಇಲ್ಲಿ ನನ್ನದೊಂದು ವಿಷಯ ಹೇಳಬೇಕು. ಸುಮಾರು ಇಪ್ಪತ್ತು ವರ್ಷದ ಹಿಂದೆ ನಮ್ಮ ತಂಡಕ್ಕೆ ಒಬ್ಬ ಹುಡುಗ ಬಂದ. ಕಣ್ಣಲ್ಲಿ ಬೆಳಕಿದ್ದ ಹುಡುಗ. ಮಾತಲ್ಲಿ ಉಗ್ಗು. ನಾನು ಅವನಿಗೆ ದ್ವಾರಪಾಲಕನ ಪಾತ್ರ ಕೊಟ್ಟೆ. ಭರ್ಜಿ ಹಿಡಿದು ನಿಂತರೆ ಸಾಕು, ಒಂದು ಮಾತೂ ಇಲ್ಲ. ಅವನಿಗೆ ಕಷ್ಟವಾಗದಿರಲಿ ಅಂತ ಹಾಗೆ ಮಾಡಿದೆ. ನಾಟಕ ಮುಗಿಯಿತು. ಅವನು ಮತ್ತೆ ಬರಲಿಲ್ಲ. ಕ್ರೌಚ್ ಮೇಷ್ಟ್ರ ಕಥೆ ಗೊತ್ತಾದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಅವರು ಆ ಹುಡುಗನಿಂದ ಮಾತನ್ನು ಕೇಳಿದರು. ನಾನು ನಮ್ಮ ಹುಡುಗನಿಂದ ಮಾತನ್ನು ಕಿತ್ತುಕೊಂಡೆ. ಅದಕ್ಕೆ ದಯೆ ಅಂತ ಹೆಸರಿಟ್ಟುಕೊಂಡಿದ್ದೆ.

ಸರಿ, ಮುಂದಕ್ಕೆ ಹೋಗೋಣ. ಆ ಪದ್ಯದ ನಂತರ ಹುಡುಗ ಗಟ್ಟಿಯಾಗಿ ಓದಲು ಶುರು ಮಾಡಿದ. ಚರ್ಚಾಸ್ಪರ್ಧೆ, ಭಾಷಣ ಸ್ಪರ್ಧೆ. ಗಂಡು ಮಕ್ಕಳ ದನಿ ಒಡೆಯುವ ವಯಸ್ಸು ಕೂಡ ಅದೇ. ಎಂಟು ವರ್ಷದ ನಂತರ ಬಾಯಿ ತೆರೆದಾಗ ಒಳಗಿಂದ ಬಂದದ್ದು ಮಗುವಿನ ದನಿಯಲ್ಲ, ಆಳವಾದ ಗಂಡಸಿನ ದನಿ.

ಆದರೆ ಒಂದನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಉಗ್ಗು ಹೋಗಲಿಲ್ಲ. ಯಾವತ್ತೂ ಹೋಗಲಿಲ್ಲ. ಎಂಬತ್ತು ದಾಟಿದ ಮೇಲೂ ಅವರು ತಮ್ಮನ್ನು ಉಗ್ಗುವವನು ಅಂತಲೇ ಹೇಳಿಕೊಳ್ಳುತ್ತಿದ್ದರು. ಅದರ ಜೊತೆ ಕೆಲಸ ಮಾಡುವುದನ್ನು ಕಲಿತರು, ಅಷ್ಟೇ. ಒಂದು ಪದ ಸಿಕ್ಕಿಕೊಳ್ಳುತ್ತದೆ ಅಂತ ಮುಂಚೆಯೇ ಗೊತ್ತಾದರೆ ಬೇರೆ ಪದ ಹುಡುಕಿಕೊಳ್ಳುತ್ತಿದ್ದರು. ನಾಟಕದಲ್ಲಿ ಹಾಗೆ ಪದ ಬದಲಿಸಲು ಬರುವುದಿಲ್ಲ. ಅಲ್ಲಿ ಪ್ರತಿ ಪದದ ಹತ್ತಿರ ಹೋಗಿ ಅದನ್ನು ಪಳಗಿಸಿಕೊಳ್ಳಬೇಕು. ಅವರ ಸಂಭಾಷಣೆಗಳನ್ನು ಕೇಳಿ ನೋಡಿ. ಯಾವ ಪದವೂ ಸುಮ್ನೆ ಜಾರಿಕೊಂಡು ಹೋಗುವುದಿಲ್ಲ. ಒಂದೊಂದಕ್ಕೂ ತೂಕ ಇರುತ್ತದೆ. ಜನ ಅದನ್ನು ಗಂಭೀರ ಕಂಠ ಅನ್ನುತ್ತಾರೆ. ನನಗೆ ಅದು ಹೊಳೆ ದಾಟುವವನು ಕಲ್ಲಿನಿಂದ ಕಲ್ಲಿಗೆ ನೋಡಿ ನೋಡಿ ಕಾಲಿಡುವ ಹಾಗೆ ಕೇಳಿಸುತ್ತದೆ.

ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಡಾಕ್ಟರ್ ಆಗಲು ಸೇರಿದರು. ಅದು ಹಿಡಿಸಲಿಲ್ಲ, ನಾಟಕ ವಿಭಾಗಕ್ಕೆ ಬಂದರು. ಕೆಲವು ಕಾಲ ಸೈನ್ಯದಲ್ಲಿ ಅಧಿಕಾರಿಯಾಗಿದ್ದರು. ಮಿಷಿಗನ್ನಿನ ಮ್ಯಾನಿಸ್ಟೀ ಊರಿನ ರಾಮ್ಸ್‌ಡೆಲ್ ಥಿಯೇಟರಿನಲ್ಲಿ ರಂಗದ ಬಡಗಿ ಕೆಲಸದಿಂದ ಶುರು ಮಾಡಿದರು. ಸೆಟ್ಟಿಗೆ ಮೊಳೆ ಹೊಡೆದವರೇ ಅದೇ ರಂಗದ ಮೇಲೆ ಶೇಕ್ಸ್‌ಪಿಯರ್ ನಾಟಕದ ನಾಯಕ ಒಥೆಲೊ ಆದರು. ಅವರ ಜೀವನದಲ್ಲಿ ಒಥೆಲೊ ಮತ್ತೆ ಮತ್ತೆ ಬರುತ್ತಾನೆ. 1964ರಲ್ಲಿ ನ್ಯೂಯಾರ್ಕಿನಲ್ಲಿ, 1982ರಲ್ಲಿ ಬ್ರಾಡ್‌ವೇಯಲ್ಲಿ, ಅಂದರೆ ನ್ಯೂಯಾರ್ಕಿನ ದೊಡ್ಡ ನಾಟಕಮಂದಿರಗಳ ಸೀಮೆಯಲ್ಲಿ, ಕ್ರಿಸ್ಟಫರ್ ಪ್ಲಮರ್ ಅವರ ಖಳ ಇಯಾಗೊ ಎದುರು. ಅವರು ಎರಡು ಸಲ ಮದುವೆಯಾದರು. ಇಬ್ಬರು ಹೆಂಡತಿಯರೂ ಅವರ ಎದುರು ಒಥೆಲೊನ ಹೆಂಡತಿ ಡೆಸ್ಡಿಮೋನಾ ಪಾತ್ರ ಮಾಡಿದ ನಟಿಯರೇ. ಜೂಲಿಯನ್ ಮರೀ ಮತ್ತು ಸಿಸಿಲಿಯಾ ಹಾರ್ಟ್.

ನ್ಯೂಯಾರ್ಕಿಗೆ ಬಂದ ಮೊದಲ ವರ್ಷಗಳಲ್ಲಿ ಅಪ್ಪನ ಜೊತೆ ಇದ್ದರು. ಹೌದು, ಹುಟ್ಟುವ ಹೊತ್ತಿಗೇ ಬಿಟ್ಟುಹೋಗಿದ್ದ ಅದೇ ಅಪ್ಪ. ಅವರೂ ನಟರೇ. ಎಡಪಂಥದವರನ್ನು ಬೇಟೆಯಾಡಿದ 1950ರ ದಶಕದಲ್ಲಿ ಕಪ್ಪುಪಟ್ಟಿಗೆ ಸೇರಿ ಕೆಲಸ ಕಳೆದುಕೊಂಡಿದ್ದವರು. ಮಗನಿಗೆ ಅಪ್ಪ ಸರಿಯಾಗಿ ಪರಿಚಯವಾದದ್ದೇ ಇಪ್ಪತ್ತು ದಾಟಿದ ಮೇಲೆ. ಇಬ್ಬರೂ ಹೊಟ್ಟೆಪಾಡಿಗೆ ಕಟ್ಟಡಗಳ ನೆಲ ಒರೆಸಿ ಪಾಲಿಶ್ ಮಾಡುತ್ತಿದ್ದರು. ಈ ವೃತ್ತಿಯಿಂದ ನನಗೇ ಜೀವನ ನಡೆಯುತ್ತಿಲ್ಲ, ನಿನಗೆ ಪ್ರೀತಿ ಇದ್ದರೆ ಮಾತ್ರ ಬಾ ಎಂಬ ಅರ್ಥದ ಮಾತನ್ನು ಅಪ್ಪ ಹೇಳಿದ್ದರಂತೆ. ಮುಂದೆ ಇಬ್ಬರೂ ಒಂದೇ ನಾಟಕದಲ್ಲಿ ಪಾತ್ರ ಮಾಡಿದ್ದೂ ಉಂಟು. ಅಪ್ಪ ಮಗನ ಸಂಬಂಧ ಎಷ್ಟು ಸರಿಹೋಯಿತು ಎಂಬುದು ಅವರಿಬ್ಬರ ವಿಷಯ. ಒಂದೇ ಬಕೆಟ್ಟಿಗೆ ಬಟ್ಟೆ ಅದ್ದಿ ಅಕ್ಕಪಕ್ಕ ನೆಲ ಒರೆಸುತ್ತಿದ್ದ ಅಪ್ಪ ಮಗನ ಚಿತ್ರ ಮಾತ್ರ ನನ್ನ ಮನಸ್ಸಿನಿಂದ ಹೋಗುವುದಿಲ್ಲ.

1958ರಲ್ಲಿ ಬ್ರಾಡ್‌ವೇಯ ಕಾರ್ಟ್ ಥಿಯೇಟರಿನಲ್ಲಿ 'ಸನ್‌ರೈಸ್ ಅಟ್ ಕ್ಯಾಂಪೊಬೆಲ್ಲೊ' ಎಂಬ ನಾಟಕ. ಮುಂದೆ ಅಮೆರಿಕದ ಅಧ್ಯಕ್ಷರಾದ ರೂಸ್‌ವೆಲ್ಟ್ ಅವರಿಗೆ ಪೋಲಿಯೊ ಬಂದ ದಿನಗಳ ಕಥೆ. ಜೋನ್ಸ್ ಅವರದು ಮನೆ ಆಳಿನ ಸಣ್ಣ ಪಾತ್ರ. ಒಳಗೆ ಬಂದು, ಮಿಸೆಸ್ ರೂಸ್‌ವೆಲ್ಟ್, ಊಟ ರೆಡಿ ಎಂಬ ಅರ್ಥದ ಮಾತು ಹೇಳಬೇಕು. ಅವರಿಗೆ 'ಮ' ಅಕ್ಷರ ಬಹಳ ಕಷ್ಟ. ಮಿಸೆಸ್ ಅನ್ನುವಲ್ಲೇ ಸಿಕ್ಕಿಕೊಂಡರು. ತುಟಿ ಕೂಡಿತು, ಬಿಡಲಿಲ್ಲ. ಹೇಗೋ ದಾಟಿದರು. ಈ ಕಾರ್ಟ್ ಥಿಯೇಟರ್ ಹೆಸರನ್ನು ನೆನಪಿಟ್ಟುಕೊಳ್ಳಿ. ಮತ್ತೆ ಬರುತ್ತದೆ.

ಆಗ ನ್ಯೂಯಾರ್ಕಿನಲ್ಲಿ ಜೋಸೆಫ್ ಪ್ಯಾಪ್ ಎಂಬುವವರು ಸೆಂಟ್ರಲ್ ಪಾರ್ಕಿನಲ್ಲಿ ಜನರಿಗೆ ಉಚಿತವಾಗಿ ಶೇಕ್ಸ್‌ಪಿಯರ್ ನಾಟಕ ಆಡಿಸುತ್ತಿದ್ದರು. ಕರಿಯ ನಟರಿಗೆ ಆಳಿನ ಪಾತ್ರ ಬಿಟ್ಟು ಬೇರೇನೂ ಸಿಗದಿದ್ದ ಕಾಲದಲ್ಲಿ ಪ್ಯಾಪ್ ಆ ನಟರಿಗೆ ರಾಜರ ಪಾತ್ರ ಕೊಟ್ಟರು. 1962ರಲ್ಲಿ ಜೋನ್ಸ್ ಅಲ್ಲಿ 'ದಿ ಮರ್ಚೆಂಟ್ ಆಫ್ ವೆನಿಸ್' ನಾಟಕದ ಮೊರಾಕೊ ರಾಜಕುಮಾರನಾಗಿದ್ದರು. ಸಿನಿಮಾ ನಿರ್ದೇಶಕ ಸ್ಟ್ಯಾನ್ಲಿ ಕುಬ್ರಿಕ್ ಆ ನಾಟಕಕ್ಕೆ ಬಂದದ್ದು ಶೈಲಾಕ್ ಆಗಿದ್ದ ಜಾರ್ಜ್ ಸಿ. ಸ್ಕಾಟ್ ಅವರನ್ನು ನೋಡಲು. ಹೋಗುವಾಗ ಜೋನ್ಸ್ ಅವರನ್ನೂ ತಮ್ಮ 'ಡಾಕ್ಟರ್ ಸ್ಟ್ರೇಂಜ್‌ಲವ್' ಚಿತ್ರಕ್ಕೆ ಆರಿಸಿಕೊಂಡು ಹೋದರು. ಅದೇ ಜೋನ್ಸ್ ಅವರ ಮೊದಲ ಸಿನಿಮಾ. 1973ರಲ್ಲಿ ಅದೇ ಪಾರ್ಕಿನಲ್ಲಿ ಅವರು ಲಿಯರ್ ದೊರೆಯಾದರು. ಬಯಲಿನಲ್ಲಿ, ತೆರೆದ ಆಕಾಶದ ಕೆಳಗೆ ಲಿಯರ್. ನಮ್ಮ ಬಯಲಾಟ ನೋಡಿ ಬೆಳೆದವರಿಗೆ ಅದರ ರುಚಿ ಬಿಡಿಸಿ ಹೇಳಬೇಕಾಗಿಲ್ಲ.

ಅವರನ್ನು ದೊಡ್ಡ ನಟ ಅಂತ ದೇಶ ಗುರುತಿಸಿದ್ದು 'ದಿ ಗ್ರೇಟ್ ವೈಟ್ ಹೋಪ್' ನಾಟಕದಿಂದ. ಹೊವರ್ಡ್ ಸ್ಯಾಕ್ಲರ್ ಬರೆದದ್ದು. 1967ರಲ್ಲಿ ವಾಷಿಂಗ್ಟನ್ನಿನ ಅರೀನಾ ಸ್ಟೇಜಿನಲ್ಲಿ, ಮರುವರ್ಷ ಬ್ರಾಡ್‌ವೇಯಲ್ಲಿ. ನಾಯಕ ಜ್ಯಾಕ್ ಜೆಫರ್ಸನ್ ಎಂಬ ಬಾಕ್ಸರ್. ಅದು ನಿಜವಾಗಿ ಜ್ಯಾಕ್ ಜಾನ್ಸನ್ ಅವರ ಕಥೆ. ಜಾನ್ಸನ್ 1908ರಲ್ಲಿ ಹೆವಿವೇಟ್ ವಿಶ್ವ ಚಾಂಪಿಯನ್ ಆದ ಮೊದಲ ಕರಿಯ. ಆ ಪಟ್ಟ ಅವರ ಕೈಯಲ್ಲಿರುವುದನ್ನು ಬಿಳಿಯರಿಗೆ ಸಹಿಸಲು ಆಗಲಿಲ್ಲ. ಅವರನ್ನು ಸೋಲಿಸುವ ಒಬ್ಬ ಬಿಳಿಯನಿಗಾಗಿ ದೇಶವೇ ಹುಡುಕಿತು. ನಾಟಕದ ಹೆಸರು ಬಂದದ್ದೇ ಅಲ್ಲಿಂದ. ರಿಂಗಿನಲ್ಲಿ ಆಗದಿದ್ದಾಗ, ಬಿಳಿ ಹೆಂಗಸಿನ ಜೊತೆ ಓಡಾಡಿದ ಅಂತ ಕೇಸು ಹಾಕಿ ಊರು ಬಿಡಿಸಿದರು.

ಜೋನ್ಸ್ ತಲೆ ಬೋಳಿಸಿಕೊಂಡು, ಮೈ ಹುರಿಗೊಳಿಸಿಕೊಂಡು ಆ ಪಾತ್ರಕ್ಕೆ ಇಳಿದರು. ಎದುರಿಗೆ ಜೇನ್ ಅಲೆಕ್ಸಾಂಡರ್. 1968 ಅಂದರೆ ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದ ವರ್ಷ. ಊರೂರು ಹೊತ್ತಿ ಉರಿದ ವರ್ಷ. ಆ ಹೊತ್ತಿನಲ್ಲಿ ಗೆದ್ದ ಕರಿಯನೊಬ್ಬ ರಂಗದ ಮೇಲೆ ನಿಂತು ನಗುತ್ತಾನೆ, ಸೊಕ್ಕುತ್ತಾನೆ, ಪ್ರೀತಿಸುತ್ತಾನೆ, ಕೊನೆಗೆ ಮುರಿದುಬೀಳುತ್ತಾನೆ. 1969ರಲ್ಲಿ ಅವರಿಗೆ ಬ್ರಾಡ್‌ವೇ ನಾಟಕಗಳಿಗೆ ಕೊಡುವ ಟೋನಿ ಪ್ರಶಸ್ತಿ ಬಂತು. ಅದೇ ಪಾತ್ರವನ್ನು 1970ರಲ್ಲಿ ಸಿನಿಮಾದಲ್ಲೂ ಮಾಡಿದರು, ಆಸ್ಕರ್‌ಗೆ ನಾಮನಿರ್ದೇಶನಗೊಂಡರು. ಸಿಡ್ನಿ ಪಾಟಿಯೆ ನಂತರ ಅತ್ಯುತ್ತಮ ನಟ ವಿಭಾಗದಲ್ಲಿ ನಾಮನಿರ್ದೇಶನಗೊಂಡ ಎರಡನೇ ಕರಿಯ ನಟ ಅವರು. ಆ ಸಿನಿಮಾ ಸಿಕ್ಕರೆ ನೋಡಿ. ದನಿಗಿಂತ ಜಾಸ್ತಿ ಅವರ ಭುಜಗಳನ್ನು ನೋಡಿ. ಗೆದ್ದಾಗ ಎಲ್ಲಿರುತ್ತವೆ, ಸೋತಾಗ ಎಲ್ಲಿಗೆ ಇಳಿಯುತ್ತವೆ. ದನಿ ಮೈಯಿಂದ ಹುಟ್ಟುತ್ತದೆ ಅಂತ ನಾನು ನಿಮಗೆ ದಿನಾ ಹೇಳುತ್ತೇನಲ್ಲ, ಅಲ್ಲಿ ಅದು ಕಣ್ಣಿಗೇ ಕಾಣುತ್ತದೆ.

ಈಗ ವೇಡರ್ ಕಥೆ. 1977. ಮುಖವಾಡದ ಒಳಗೆ ಇದ್ದವರು ಡೇವಿಡ್ ಪ್ರೌಸ್ ಎಂಬ ಇಂಗ್ಲೆಂಡಿನ ಕಟ್ಟುಮಸ್ತಾದ ಆಳು. ನಿಲುವು ಭರ್ಜರಿ, ಮಾತಿನ ಧಾಟಿ ಮಾತ್ರ ಇಂಗ್ಲೆಂಡಿನ ಪಶ್ಚಿಮ ಸೀಮೆಯದು. ನಿರ್ದೇಶಕ ಜಾರ್ಜ್ ಲ್ಯೂಕಸ್ ಅವರಿಗೆ ಬೇರೆ ದನಿ ಬೇಕಿತ್ತು. ಜೋನ್ಸ್ ಬಂದರು, ಕೆಲವೇ ಗಂಟೆಗಳಲ್ಲಿ ರೆಕಾರ್ಡಿಂಗ್ ಮುಗಿಸಿದರು. ಸಿಕ್ಕಿದ್ದು 7,000 ಡಾಲರ್. ಹೆಸರು ಹಾಕುವುದು ಬೇಡ ಅಂದರು. ಪಾತ್ರ ಮಾಡಿದವರು ಪ್ರೌಸ್, ನಾನು ಬರೀ ಸ್ಪೆಷಲ್ ಎಫೆಕ್ಟ್ ಅನ್ನುವುದು ಅವರ ನಿಲುವು. ಮೊದಲ ಎರಡು ಚಿತ್ರಗಳ ಟೈಟಲ್ಲಿನಲ್ಲಿ ಅವರ ಹೆಸರಿಲ್ಲ. 1983ರ ಮೂರನೆಯದರಲ್ಲಿ ಬಂತು.

ಆ ಕೆಲಸದ ಒಳಗುಟ್ಟು ನಿಮಗೆ ಉಪಯೋಗಕ್ಕೆ ಬರುತ್ತದೆ. ವೇಡರ್ ದನಿಯಲ್ಲಿ ಭಾವನೆಯ ಏರಿಳಿತ ಬಹಳ ಕಮ್ಮಿ ಇರಬೇಕು ಅಂತ ತೀರ್ಮಾನವಾಗಿತ್ತು. ಅರ್ಧ ಮನುಷ್ಯ, ಅರ್ಧ ಯಂತ್ರ ಅಲ್ವಾ. ಅಂದರೆ ನಟನಿಗೆ ಸಿಕ್ಕಿದ್ದು ಒಂದು ಸಣ್ಣ ಓಣಿ. ಆ ಓಣಿಯಲ್ಲೇ ಓಡಾಡಿ ಭಯ ಹುಟ್ಟಿಸಬೇಕು. ಕೂಗಾಡಿ ಭಯ ಹುಟ್ಟಿಸುವುದು ಸುಲಭ. ವೇಡರ್ ಕೂಗುವುದೇ ಇಲ್ಲ ಅನ್ನಬಹುದು. ಉಸಿರಿನ ಸದ್ದು ಜೋನ್ಸ್ ಅವರದಲ್ಲ, ಮುಳುಗುಗಾರರ ಉಸಿರಾಟದ ಸಲಕರಣೆಯಿಂದ ಚಿತ್ರದ ಸದ್ದುಗಳನ್ನು ರೂಪಿಸಿದ ಬೆನ್ ಬರ್ಟ್ ಮಾಡಿದ್ದು. ಎರಡನೇ ಚಿತ್ರದಲ್ಲಿ ವೇಡರ್ ತಾನೇ ಕಥಾನಾಯಕ ಲ್ಯೂಕನ ಅಪ್ಪ ಅಂತ ಹೇಳುವ ಮಾತನ್ನು ಗುಟ್ಟಾಗಿ ಇಟ್ಟಿದ್ದರು. ಶೂಟಿಂಗಿನಲ್ಲಿ ಪ್ರೌಸ್ ಅವರಿಗೆ ಬೇರೆಯೇ ಸಾಲು ಕೊಟ್ಟಿದ್ದರು. ನಿಜವಾದ ಸಾಲು ಓದಿದಾಗ ಜೋನ್ಸ್ ಅವರಿಗೆ ಮೊದಲು ಅನಿಸಿದ್ದು, ಇವನು ಸುಳ್ಳು ಹೇಳುತ್ತಿದ್ದಾನೆ ಅಂತ.

ಕರಾವಳಿ, ಮಲೆನಾಡಿನಿಂದ ಬಂದವರಿಗೆ ದನಿಯಲ್ಲೇ ಪಾತ್ರ ಕಟ್ಟುವುದು ಹೊಸದಲ್ಲ. ತಾಳಮದ್ದಳೆ ಇದೆ. ವೇಷ ಇಲ್ಲ, ಕುಣಿತ ಇಲ್ಲ. ಅರ್ಥಧಾರಿ ಪಂಚೆ ಶಲ್ಯದಲ್ಲಿ ಕೂತು ಮಾತಿನಲ್ಲೇ ಕೌರವನಾಗುತ್ತಾನೆ. ಆದರೆ ಅಲ್ಲಿ ಮಾತು ಆ ಕ್ಷಣಕ್ಕೆ ಹುಟ್ಟುತ್ತದೆ, ಎದುರಾಳಿ ಪಕ್ಕದಲ್ಲೇ ಇರುತ್ತಾನೆ. ಡಬ್ಬಿಂಗ್ ಕೋಣೆಯಲ್ಲಿ ನಟ ಒಬ್ಬನೇ. ಇನ್ನೊಬ್ಬರ ಮೈಗೆ ತನ್ನ ದನಿ ಹೊಂದಿಸಬೇಕು. ಹೆಸರು ಬೇಡ ಅಂದ ಜೋನ್ಸ್ ಆ ಇನ್ನೊಬ್ಬರ ಮೈಗೆ ಕೊಟ್ಟ ಮರ್ಯಾದೆ ನನಗೆ ತುಂಬ ಹಿಡಿಸುತ್ತದೆ.

ನನಗೆ ವೇಡರ್‌ಗಿಂತ ಇಷ್ಟವಾದದ್ದು ಇನ್ನೊಂದಿದೆ. 1969ರಲ್ಲಿ ಅಮೆರಿಕದಲ್ಲಿ 'ಸೆಸಮಿ ಸ್ಟ್ರೀಟ್' ಎಂಬ ಮಕ್ಕಳ ಟಿವಿ ಕಾರ್ಯಕ್ರಮ ಶುರುವಾಗುತ್ತಿತ್ತು. ಜೋನ್ಸ್ ಅದಕ್ಕೆ ಇಂಗ್ಲಿಷ್ ಅಕ್ಷರಮಾಲೆ ಹೇಳಿದರು. ಅಷ್ಟೇ, ಎ ಇಂದ ಜೆಡ್‌ವರೆಗೆ. ಬೋಳು ತಲೆ, ಕ್ಯಾಮೆರಾವನ್ನೇ ದಿಟ್ಟಿಸುವ ಕಣ್ಣು. ಒಂದು ಅಕ್ಷರ ಪರದೆ ಮೇಲೆ ಮೂಡುತ್ತದೆ. ಅವರು ತಕ್ಷಣ ಹೇಳುವುದಿಲ್ಲ. ಕಾಯುತ್ತಾರೆ. ಆಮೇಲೆ ಹೇಳುತ್ತಾರೆ. ಮತ್ತೆ ಮೌನ. ಇಷ್ಟು ನಿಧಾನವಾದರೆ ಮಕ್ಕಳು ಎದ್ದು ಹೋಗುತ್ತಾರೆ ಅಂತ ಯಾರಿಗಾದರೂ ಅನಿಸುತ್ತದೆ. ಆದದ್ದೇ ಬೇರೆ. ಮೊದಲ ಸಲ ನೋಡಿದಾಗ ಮಕ್ಕಳು ಅವರ ನಂತರ ಅಕ್ಷರ ಹೇಳಿದರು. ಮತ್ತೆ ಮತ್ತೆ ನೋಡಿದ ಮೇಲೆ ಅಕ್ಷರ ಮೂಡಿದ ಕೂಡಲೇ ಹೇಳತೊಡಗಿದರು. ಕೊನೆಗೆ ಅಕ್ಷರ ಮೂಡುವ ಮುಂಚೆಯೇ ಹೇಳಿಬಿಡುತ್ತಿದ್ದರು. ಸಂಶೋಧಕರು ಇದಕ್ಕೆ 'ಜೇಮ್ಸ್ ಅರ್ಲ್ ಜೋನ್ಸ್ ಪರಿಣಾಮ' ಅಂತಲೇ ಹೆಸರಿಟ್ಟರು.

ಆ ಮೌನದಲ್ಲಿ ಮಕ್ಕಳಿಗೆ ಜಾಗ ಇತ್ತು. ಅವರು ಕಲಿತದ್ದು ಆ ಜಾಗದಲ್ಲಿ. ಮಾತು ಬರುವ ಮುಂಚಿನ ಆ ಗಳಿಗೆಯನ್ನು ಎಂಟು ವರ್ಷ ಅನುಭವಿಸಿದವರು ಅಲ್ಲಿ ನಿಂತಿದ್ದರು. ನಮ್ಮಲ್ಲಿ ಬಹಳ ಜನ ಸಂಭಾಷಣೆಯ ನಡುವೆ ಮೌನ ಬಂದರೆ ಹೆದರಿ ಬೇಗ ತುಂಬಿಸಿಬಿಡುತ್ತೇವೆ. ನಿನ್ನೆ ತಾಲೀಮಿನಲ್ಲೂ ಅದೇ ಆಯಿತು. ಇವತ್ತು ಸಂಜೆ ಆ ದೃಶ್ಯವನ್ನು ಮತ್ತೆ ತೆಗೆದುಕೊಳ್ಳುವಾಗ ಇದನ್ನು ನೆನೆಸಿಕೊಳ್ಳಿ.

1987ಕ್ಕೆ ಬರೋಣ. ಆಗಸ್ಟ್ ವಿಲ್ಸನ್ ಅವರ 'ಫೆನ್ಸಸ್'. ಬೇಲಿಗಳು ಅಂತ ಅರ್ಥ. ನಾಯಕ ಟ್ರಾಯ್ ಮ್ಯಾಕ್ಸನ್, ಪಿಟ್ಸ್‌ಬರ್ಗ್ ಊರಿನಲ್ಲಿ ಕಸ ಎತ್ತುವ ಕೆಲಸದವನು. ಹಿಂದೆ ಒಳ್ಳೆಯ ಬೇಸ್‌ಬಾಲ್ ಆಟಗಾರ. ದೊಡ್ಡ ಲೀಗುಗಳ ಬಾಗಿಲು ಕರಿಯರಿಗೆ ತೆರೆಯುವ ಹೊತ್ತಿಗೆ ಅವನಿಗೆ ವಯಸ್ಸಾಗಿಹೋಗಿತ್ತು. ಮಗನಿಗೆ ಫುಟ್‌ಬಾಲ್ ಆಡುವ ಅವಕಾಶ ಬಂದರೆ ಅಪ್ಪನೇ ತಡೆಯುತ್ತಾನೆ. ನಾಟಕದಲ್ಲಿ ಒಂದು ಜಾಗ ಇದೆ. ಮಗ ಕೇಳುತ್ತಾನೆ, ನಿನಗೆ ನಾನು ಯಾಕೆ ಇಷ್ಟ ಇಲ್ಲ ಅಂತ. ಅಪ್ಪನಿಗೆ ಸಿಟ್ಟು ಬರುತ್ತದೆ. ಇಷ್ಟಪಡಬೇಕು ಅಂತ ಯಾವ ಕಾನೂನಿದೆ? ದಿನಾ ಹೊಟ್ಟೆಗೆ ಸಿಗುತ್ತದೋ ಇಲ್ಲವೋ? ತಲೆ ಮೇಲೆ ಸೂರಿದೆಯೋ ಇಲ್ಲವೋ? ಅದು ನನ್ನ ಜವಾಬ್ದಾರಿ, ಮಾಡುತ್ತಿದ್ದೇನೆ ಅನ್ನುತ್ತಾನೆ. ನಾನು ಭಾವ ಮಾತ್ರ ಹೇಳಿದೆ.

ಇದೇ ಮಾತನ್ನು ಹೇಳುವ ಅಪ್ಪಂದಿರನ್ನು ನೀವು ನೋಡಿಲ್ಲವೇ? ನಾನು ನೋಡಿದ್ದೇನೆ. ನಮ್ಮ ತಂದೆಯ ತಲೆಮಾರಿನಲ್ಲಿ ಬಹುಪಾಲು ಜನ ಪ್ರೀತಿಯನ್ನು ಅಕ್ಕಿ ಮೂಟೆಯಲ್ಲಿ ಅಳೆದವರೇ. ಆ ದೃಶ್ಯದ ಹಳೆಯ ರೆಕಾರ್ಡಿಂಗ್ ಒಂದಿದೆ. ಜೋನ್ಸ್ ಅಲ್ಲಿ ತಮ್ಮ ಕಂಠದ ಸೊಗಸನ್ನು ಪೂರ್ತಿ ಪಕ್ಕಕ್ಕಿಟ್ಟಿದ್ದಾರೆ. ಕೆಲಸದಿಂದ ದಣಿದು ಬಂದ ಗಂಡಸೊಬ್ಬ ಬಯ್ಯುವ ಹಾಗೆ ಬಯ್ಯುತ್ತಾರೆ. ಚೆಂದದ ದನಿ ಇದ್ದವರಿಗೆ ಅದು ಬಹಳ ಕಷ್ಟದ ಕೆಲಸ. ಆ ವರ್ಷ ಅವರಿಗೆ ಎರಡನೇ ಟೋನಿ ಬಂತು, ನಾಟಕಕ್ಕೆ ಪುಲಿಟ್ಜರ್ ಬಂತು. ಅವರ ಅತಿ ದೊಡ್ಡ ಕೆಲಸ ಯಾವುದು ಅಂತ ನನ್ನನ್ನು ಕೇಳಿದರೆ, ವೇಡರ್ ಅಲ್ಲ, ಮುಫಾಸ ಅಲ್ಲ. ಟ್ರಾಯ್ ಮ್ಯಾಕ್ಸನ್.

ಮುಫಾಸ ಬಂದದ್ದು 1994ರಲ್ಲಿ. ಅವರು ಮೊದಲು ರಾಜಗಾಂಭೀರ್ಯದಿಂದ ಶುರು ಮಾಡಿದ್ದರಂತೆ. ಬೇಡ, ಮಗುವಿನ ಜೊತೆ ಪೆದ್ದುಪೆದ್ದಾಗಿ ಆಡುವ ಅಪ್ಪನಂತೆ ಇರಲಿ ಅಂತ ನಿರ್ದೇಶಕರು ಹೇಳಿದರು. 2019ರ ಹೊಸ ಚಿತ್ರಕ್ಕೆ ಉಳಿದ ಮುಖ್ಯ ದನಿಗಳೆಲ್ಲ ಬದಲಾದವು. ಮುಫಾಸನ ದನಿ ಬದಲಿಸುವ ಧೈರ್ಯ ಯಾರಿಗೂ ಬರಲಿಲ್ಲ.

ಈ ಪ್ರಸಿದ್ಧಿಯ ನಡುವೆ ಅವರು ರಂಗ ಬಿಟ್ಟರೇ? ಇಲ್ಲ. 2008ರಲ್ಲಿ, 77ನೇ ವಯಸ್ಸಿನಲ್ಲಿ, 'ಕ್ಯಾಟ್ ಆನ್ ಎ ಹಾಟ್ ಟಿನ್ ರೂಫ್' ನಾಟಕದ ಬಿಗ್ ಡ್ಯಾಡಿ. 2011ರಲ್ಲಿ ಲಂಡನ್ನಿನಲ್ಲಿ ವನೆಸಾ ರೆಡ್‌ಗ್ರೇವ್ ಜೊತೆ 'ಡ್ರೈವಿಂಗ್ ಮಿಸ್ ಡೇಸಿ'. ಆ ವರ್ಷ ಅವರಿಗೆ ಗೌರವ ಆಸ್ಕರ್ ಘೋಷಣೆಯಾಗಿತ್ತು. ನಾಟಕ ಬಿಟ್ಟು ಅಮೆರಿಕಕ್ಕೆ ಹೋಗುವ ಹಾಗಿರಲಿಲ್ಲ. ಆಸ್ಕರ್ ಮೂರ್ತಿಯೇ ಲಂಡನ್ನಿಗೆ ಬಂತು. ಪ್ರದರ್ಶನ ಮುಗಿದ ಮೇಲೆ ವಿಂಡಮ್ಸ್ ಥಿಯೇಟರಿನ ರಂಗದ ಮೇಲೆ, ಪ್ರೇಕ್ಷಕರ ಎದುರೇ ಅದನ್ನು ಅವರ ಕೈಗಿತ್ತವರು ಬೆನ್ ಕಿಂಗ್‌ಸ್ಲಿ. ನಮ್ಮ ದೇಶದವರಿಗೆ ಅವರು ಗಾಂಧಿ ಪಾತ್ರ ಮಾಡಿದವರು ಅಂತಲೇ ಪರಿಚಯ. ಸಿನಿಮಾದ ಅತಿ ದೊಡ್ಡ ಗೌರವ ನಾಟಕದ ರಂಗವನ್ನು ಹುಡುಕಿಕೊಂಡು ಬಂದದ್ದು ನನಗೆ ಬಹಳ ಸಮಾಧಾನ ಕೊಟ್ಟ ಸಂಗತಿ. 2015ರಲ್ಲಿ, 84ನೇ ವಯಸ್ಸಿನಲ್ಲಿ, ಸಿಸಿಲಿ ಟೈಸನ್ ಜೊತೆ 'ದಿ ಜಿನ್ ಗೇಮ್'. ಇಬ್ಬರೇ ನಟರು, ಇಸ್ಪೀಟು ಆಡುತ್ತ ಮಾತಾಡುವ ನಾಟಕ. ಆಗ ಟೈಸನ್ ಅವರಿಗೆ 90.

ಕೊನೆಯ ಕಾಲದಲ್ಲಿ ಒಂದು ಹೊಸ ಪ್ರಶ್ನೆ ಎದ್ದಿತು. 2022ರ 'ಓಬಿ-ವಾನ್ ಕೆನೋಬಿ' ಸರಣಿಗೆ ವೇಡರ್ ದನಿ ಬೇಕಾಗಿತ್ತು. ಅವರಿಗೆ 91. ದನಿ ಮುಪ್ಪಾಗಿತ್ತು. ಹಳೆಯ ರೆಕಾರ್ಡಿಂಗ್‌ಗಳನ್ನು ಬಳಸಿ ಕೃತಕ ಬುದ್ಧಿಮತ್ತೆಯಿಂದ ದನಿ ಕಟ್ಟಲು ಅವರು ಒಪ್ಪಿಗೆ ಕೊಟ್ಟರು. ಉಕ್ರೇನಿನ ರಿಸ್ಪೀಚರ್ ಎಂಬ ಸಂಸ್ಥೆ ಆ ಕೆಲಸ ಮಾಡಿತು. ಅಲ್ಲಿನವರು ತಮ್ಮ ದೇಶದ ಮೇಲೆ ಯುದ್ಧ ನಡೆಯುತ್ತಿದ್ದಾಗಲೂ ಕೆಲಸ ನಿಲ್ಲಿಸಲಿಲ್ಲ. ಜೋನ್ಸ್ ತೀರಿಕೊಂಡ ಮೇಲೆ, 2025ರಲ್ಲಿ, ಒಂದು ವಿಡಿಯೋ ಗೇಮಿನಲ್ಲಿ ವೇಡರ್ ಆಟಗಾರರ ಜೊತೆ ಅದೇ ಬಗೆಯ ದನಿಯಲ್ಲಿ ಮಾತಾಡತೊಡಗಿದ. ಅಮೆರಿಕದ ನಟರ ಸಂಘ ದೂರು ಕೊಟ್ಟಿತು. ಕುಟುಂಬದ ಒಪ್ಪಿಗೆ ಇತ್ತು, ಸಂಘದ ಜೊತೆ ಮಾತುಕತೆ ಆಗಿರಲಿಲ್ಲ ಎಂಬುದು ಅವರ ತಕರಾರು.

ನನಗೆ ಇದರಲ್ಲಿ ಎರಡು ಮನಸ್ಸಿದೆ. ತಮ್ಮ ದನಿ ಏನಾಗಬೇಕು ಅಂತ ತೀರ್ಮಾನಿಸುವ ಹಕ್ಕು ಅವರದು, ಅವರು ತೀರ್ಮಾನಿಸಿದರು. ಅದನ್ನು ಗೌರವಿಸುತ್ತೇನೆ. ಆದರೆ ಆ ಯಂತ್ರಕ್ಕೆ 'ಮ' ಅಕ್ಷರ ಕಷ್ಟವಾಗುವುದಿಲ್ಲ. ಅದು ಯಾವ ಪದದ ಮುಂದೆಯೂ ಹೆದರಿ ನಿಲ್ಲುವುದಿಲ್ಲ. ಅವರ ದನಿಯಲ್ಲಿ ನಾನು ಕೇಳುತ್ತಿದ್ದದ್ದು ಆ ಹೆದರಿಕೆಯನ್ನು ದಾಟುವ ಸದ್ದನ್ನು. ಯಂತ್ರದಿಂದ ಬಂದ ದನಿಯಲ್ಲಿ ಅದನ್ನು ಹುಡುಕುತ್ತೇನೆ, ನನಗೆ ಸಿಗುವುದಿಲ್ಲ.

ಕಾರ್ಟ್ ಥಿಯೇಟರ್ ನೆನಪಿದೆಯಲ್ಲ? 1912ರಲ್ಲಿ ಕಟ್ಟಿದ್ದು, ಬ್ರಾಡ್‌ವೇಯ 48ನೇ ಬೀದಿಯಲ್ಲಿದೆ. 2022ರ ಸೆಪ್ಟೆಂಬರಿನಲ್ಲಿ ಅದನ್ನು ಪೂರ್ತಿ ದುರಸ್ತಿ ಮಾಡಿ ಹೊಸ ಹೆಸರಿಟ್ಟರು. ಜೇಮ್ಸ್ ಅರ್ಲ್ ಜೋನ್ಸ್ ಥಿಯೇಟರ್. ಆಗ ಅವರು ಬದುಕಿದ್ದರು. ಮಿಸೆಸ್ ಅನ್ನಲಾಗದೆ ಒದ್ದಾಡಿದ ಅದೇ ರಂಗ, 64 ವರ್ಷದ ನಂತರ.

ಇಷ್ಟೇ ನನ್ನ ಮಾತು. ನಾಳೆಯ ಕೆಲಸ ಹೇಳಿಬಿಡುತ್ತೇನೆ. ಇವತ್ತು ರಾತ್ರಿ ಎಲ್ಲರೂ ಒಂದು ಪದ್ಯ ಬರೆಯಿರಿ. ಎಂಟು ಸಾಲು ಸಾಕು. ಯಾವುದಾದರೂ ಹಣ್ಣಿನ ಬಗ್ಗೆ. ಹಲಸು, ನೇರಳೆ, ಸೀಬೆ, ನೀವು ತಿಂದು ಖುಷಿಪಟ್ಟದ್ದು ಯಾವುದಾದರೂ ಸರಿ. ಲಯ ಇರಲಿ. ಬೆಳಿಗ್ಗೆ ಒಬ್ಬೊಬ್ಬರಾಗಿ ಇಲ್ಲಿ ನಿಂತು, ಕಾಗದ ನೋಡದೆ ಹೇಳಬೇಕು. ಚೀಟಿ ಬರೆದವರೂ ಹೇಳಬೇಕು. ಎಷ್ಟು ಹೊತ್ತಾದರೂ ಆಗಲಿ, ನಾವು ಕೂತು ಕೇಳುತ್ತೇವೆ. ನಾನೂ ಒಂದು ಬರೆದುಕೊಂಡು ಬರುತ್ತೇನೆ.